ದೂರದರ್ಶನದ ಬೋಧಕ ಮಹಾಧರ್ಮಾಧ್ಯಕ್ಷ ಫುಲ್ಟನ್ ಶೀನ್



ಸ್ವರ್ಗಾರೋಹಣದ ಹಬ್ಬದಂದು ನಾವು ಪ್ರಭು ಯೇಸುವಿನ ಕಡೆಯ ಅಪ್ಪಣೆಯನ್ನು ನೆನೆಯುತ್ತೇವೆ. ಎಲ್ಲ ಜನಾಂಗಗಳ ಬಳಿಗೂ ಹೋಗಬೇಕು, ತಾವು ಕಲಿಸಿದ್ದನ್ನು ಅವರಿಗೂ ಕಲಿಸಬೇಕು ಎಂದು ಹೇಳಿ ಅವರು ಶಿಷ್ಯರ ಕಣ್ಣಿಗೆ ಮರೆಯಾದರು. ಆ ಹನ್ನೊಂದು ಮಂದಿಯ ಬಳಿ ಇದ್ದದ್ದು ನಡೆಯಲು ಕಾಲು, ಸಾರಲು ಬಾಯಿ, ಅಷ್ಟೇ. ಮುಂದೆ ಪತ್ರಗಳು ಬಂದವು, ಅಚ್ಚಿನ ಯಂತ್ರ ಬಂತು, ರೇಡಿಯೋ ಬಂತು, ಟಿ.ವಿ. ಬಂತು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಈ ಸಾಧನಗಳ ಬಗ್ಗೆಯೇ ಒಂದು ಆಜ್ಞಾಪತ್ರವನ್ನು ಹೊರಡಿಸಿ, ಇವು ದೇವರ ಕೊಡುಗೆಗಳೆಂದೂ ಇವನ್ನು ಸುವಾರ್ತಾ ಸೇವೆಗೆ ಬಳಸಬೇಕೆಂದೂ ಹೇಳಿತು. ಅದರಂತೆ 1967ರಿಂದ ಧರ್ಮಸಭೆ ವಿಶ್ವ ಸಂಪರ್ಕ ಮಾಧ್ಯಮ ದಿನವನ್ನು ಆಚರಿಸುತ್ತಿದೆ. ಹೆಚ್ಚಿನ ದೇಶಗಳಲ್ಲಿ ಆ ದಿನ ಸ್ವರ್ಗಾರೋಹಣದ ಭಾನುವಾರದಂದೇ ಬರುತ್ತದೆ.

ಮಹಾಸಭೆ ಈ ಮಾತು ಹೇಳುವುದಕ್ಕೆ ಹನ್ನೊಂದು ವರ್ಷ ಮೊದಲೇ ಅಮೆರಿಕದ ಧರ್ಮಾಧ್ಯಕ್ಷರೊಬ್ಬರು ಕ್ಯಾಮೆರಾದ ಮುಂದೆ ನಿಂತು ವಾರವಾರವೂ ಕೋಟಿ ಜನರೊಡನೆ ಮಾತನಾಡಲು ಆರಂಭಿಸಿದ್ದರು. ಅವರೇ ಫುಲ್ಟನ್ ಶೀನ್. ಇಂದು ನಮ್ಮ ಮನೆಗಳಲ್ಲಿ ಟಿ.ವಿ. ಹಾಕಿದರೂ ಬೋಧನೆ, ಮೊಬೈಲ್ ತೆರೆದರೂ ಬೋಧನೆ. ಯಾರ ಮಾತನ್ನು ಕೇಳಬೇಕು, ಯಾರದನ್ನು ಬಿಡಬೇಕು ಎಂದು ಅನೇಕ ಕುಟುಂಬಗಳಿಗೆ ತಿಳಿಯದಾಗಿದೆ. ತೆರೆಯ ಮೇಲೆ ಕಾಣುವ ಬೋಧಕನನ್ನು ಅಳೆಯುವುದು ಹೇಗೆ? ಆತನ ಮಾತಿನ ಸೊಗಸಿನಿಂದಲೇ? ಕೇಳುವವರ ಸಂಖ್ಯೆಯಿಂದಲೇ? ಶೀನರ ಬದುಕಿನಲ್ಲಿ ಈ ಪ್ರಶ್ನೆಗೆ ಒಂದು ಉತ್ತರವಿದೆ. ಆದುದರಿಂದ ಈ ಹಬ್ಬದ ಸಂದರ್ಭದಲ್ಲಿ ಅವರ ಚರಿತ್ರೆಯನ್ನು ನಾವು ನೆನಪು ಮಾಡಿಕೊಳ್ಳೋಣ.

ಕೈಜಾರಿದ ದ್ರಾಕ್ಷಾರಸದ ಪಾತ್ರೆ

ಶೀನ್ ಹುಟ್ಟಿದ್ದು 1895ರ ಮೇ 8ರಂದು, ಅಮೆರಿಕದ ಇಲಿನಾಯ್ ರಾಜ್ಯದ ಎಲ್ ಪಾಸೋ ಎಂಬ ಸಣ್ಣ ಊರಿನಲ್ಲಿ. ತಂದೆ ನ್ಯೂಟನ್, ತಾಯಿ ಡೀಲಿಯಾ. ನಾಲ್ವರು ಗಂಡುಮಕ್ಕಳಲ್ಲಿ ಇವರೇ ಹಿರಿಯರು. ಸ್ನಾನದೀಕ್ಷೆಯಲ್ಲಿ ಪೀಟರ್ ಜಾನ್ ಎಂದು ಹೆಸರಿಟ್ಟರೂ, ತಾಯಿಯ ತವರು ಮನೆತನದ ಹೆಸರಾದ ಫುಲ್ಟನ್ ಎಂಬುದೇ ಇವರಿಗೆ ಉಳಿದುಕೊಂಡಿತು. ಕುಟುಂಬ ಪಿಯೋರಿಯಾ ನಗರಕ್ಕೆ ಬಂದ ಮೇಲೆ ಬಾಲಕ ಫುಲ್ಟನ್ ಅಲ್ಲಿನ ಪ್ರಧಾನಾಲಯದಲ್ಲಿ ಬಲಿಪೀಠ ಸೇವಕನಾದ.

ಒಂದು ದಿನ ಧರ್ಮಾಧ್ಯಕ್ಷ ಜಾನ್ ಸ್ಪಾಲ್ಡಿಂಗ್‌ರವರ ಬಲಿಪೂಜೆಯಲ್ಲಿ ಸೇವೆ ಮಾಡುವಾಗ ದ್ರಾಕ್ಷಾರಸದ ಗಾಜಿನ ಪಾತ್ರೆ ಆತನ ಕೈಜಾರಿ ಅಮೃತಶಿಲೆಯ ನೆಲಕ್ಕೆ ಬಿದ್ದು ಒಡೆಯಿತು. ಹುಡುಗನಿಗೆ ಆಗ ಸುಮಾರು ಎಂಟು ವರ್ಷ. ಪೂಜೆ ಮುಗಿದ ಮೇಲೆ ಧರ್ಮಾಧ್ಯಕ್ಷರು ಕರೆದಾಗ ಬೈಗುಳವೇ ಗತಿ ಎಂದು ನಡುಗುತ್ತ ಹೋದ. ಅವರು ಬೈಯಲಿಲ್ಲ. ದೊಡ್ಡವನಾದ ಮೇಲೆ ನೀನು ಬೆಲ್ಜಿಯಂನ ಲೂವೇನ್‌ನಲ್ಲಿ ಓದುತ್ತೀಯೆ, ಮುಂದೊಂದು ದಿನ ನನ್ನಂತೆಯೇ ಆಗುತ್ತೀಯೆ ಎಂದರು. ಲೂವೇನ್ ಎಂದರೇನೆಂದು ಆ ಹುಡುಗನಿಗೆ ತಿಳಿದಿರಲಿಲ್ಲ. ಎಷ್ಟೋ ವರ್ಷಗಳ ನಂತರ ಆ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವಾಗಲೇ ಆ ಮಾತು ನೆನಪಿಗೆ ಬಂತೆಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ನಮ್ಮ ಮಕ್ಕಳ ಕೈಯಿಂದ ಏನಾದರೂ ಬಿದ್ದು ಒಡೆದಾಗ ನಮ್ಮ ಬಾಯಿಂದ ಬರುವ ಮಾತು ಯಾವುದು ಎಂದು ತಂದೆತಾಯಿಯರು ಇಲ್ಲಿ ಒಂದು ಕ್ಷಣ ಯೋಚಿಸಬಹುದು.

ಹುಟ್ಟಿನಿಂದಲೇ ದೊಡ್ಡ ಮಾತುಗಾರರೇ ಅವರು? ಹಾಗೇನೂ ಇಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ತಂಡದಲ್ಲಿದ್ದಾಗ, ಇಷ್ಟು ಕೆಟ್ಟದಾಗಿ ಮಾತನಾಡುವವನನ್ನು ತಾನು ಕಂಡೇ ಇಲ್ಲವೆಂದು ತರಬೇತಿ ಕೊಡುತ್ತಿದ್ದ ಗುರುಗಳೇ ಹೇಳಿದರು. ಒಂದೇ ಭಾಗವನ್ನು ಮತ್ತೆ ಮತ್ತೆ ಹೇಳಿಸಿದರು. ತಪ್ಪು ಎಲ್ಲಿದೆ ಎಂದು ಶಿಷ್ಯನಿಂದಲೇ ಹೊರಡಿಸಿದರು. ಮಾತಿನಲ್ಲಿ ಸಹಜತೆ ಇಲ್ಲ ಎಂಬುದೇ ಆ ತಪ್ಪು. ಮುಂದೆ ಕೋಟಿ ಜನ ಮೆಚ್ಚಿದ ಮಾತಿನ ಮೊದಲ ಪಾಠ ಅದಾಗಿತ್ತು.

ಒಂದು ಗಂಟೆಯ ವ್ರತ, ಒಂದು ವರ್ಷದ ಪರೀಕ್ಷೆ

1919ರ ಸೆಪ್ಟೆಂಬರ್ 20ರಂದು ಅವರಿಗೆ ಪಿಯೋರಿಯಾದಲ್ಲಿ ಗುರುದೀಕ್ಷೆಯಾಯಿತು. ಆ ಕಾಲದಲ್ಲಿಯೇ ಅವರು ಒಂದು ನಿರ್ಧಾರ ಮಾಡಿದರು. ಬದುಕಿರುವಷ್ಟು ದಿನವೂ, ಪ್ರತಿದಿನ ಒಂದು ಪೂರ್ಣ ಗಂಟೆಯನ್ನು ಪರಮ ಪ್ರಸಾದದ ಮುಂದೆ ಕಳೆಯುವುದು. ಗೆತ್ಸೆಮನೆ ತೋಪಿನಲ್ಲಿ ಒಂದು ಗಂಟೆಯಾದರೂ ತಮ್ಮೊಡನೆ ಎಚ್ಚರವಿರಲು ಆಗಲಿಲ್ಲವೇ ಎಂದು ಪ್ರಭು ಪೇತ್ರನನ್ನು ಕೇಳಿದ ಪ್ರಶ್ನೆಗೆ ಇದು ಅವರು ಕೊಟ್ಟ ಉತ್ತರ. ಅರವತ್ತು ವರ್ಷ, ಪ್ರಯಾಣದಲ್ಲಿರಲಿ, ಕಾಯಿಲೆಯಲ್ಲಿರಲಿ, ಈ ನಿಯಮವನ್ನು ಅವರು ಹಿಡಿದುಕೊಂಡರು.

ಹಾಗೆಂದು ಪ್ರತಿ ಗಂಟೆಯೂ ಸ್ವರ್ಗಸುಖವಾಗಿತ್ತೆಂದು ಭಾವಿಸಬೇಡಿ. ಒಮ್ಮೆ ಪ್ಯಾರಿಸ್ ನಗರದ ಒಂದು ದೇವಾಲಯದಲ್ಲಿ ದಣಿದು ಕುಳಿತವರು ಕುಳಿತಲ್ಲೇ ನಿದ್ದೆ ಹೋದರು. ಎಚ್ಚರವಾದಾಗ ಸರಿಯಾಗಿ ಒಂದು ಗಂಟೆ ಕಳೆದಿತ್ತು. ಪ್ರೇಷಿತರು ತಮ್ಮ ಮೊದಲ ಗಂಟೆಯನ್ನು ಕಳೆದದ್ದೂ ಹೀಗೆಯೇ ಅಲ್ಲವೇ ಎಂದು ಅವರು ಸಮಾಧಾನ ಮಾಡಿಕೊಂಡರಂತೆ. ಪ್ರಾರ್ಥನೆಗೆ ಕುಳಿತರೆ ತೂಕಡಿಕೆ ಬರುತ್ತದೆಂದು ಕೊರಗುವವರಿಗೆ ಇದು ಧೈರ್ಯ ಕೊಡುವ ಮಾತು.

ಲೂವೇನ್‌ನಲ್ಲಿ ಅವರು 1923ರಲ್ಲಿ ತತ್ವಶಾಸ್ತ್ರದ ಡಾಕ್ಟರೇಟ್ ಪಡೆದರು. ಕಾರ್ಡಿನಲ್ ಮೆರ್ಸಿಯೇ ಹೆಸರಿನ ತತ್ವಶಾಸ್ತ್ರ ಪ್ರಶಸ್ತಿ ಸಿಕ್ಕಿದ ಮೊದಲ ಅಮೆರಿಕನ್ನರು ಇವರೇ. ದೊಡ್ಡ ವಿಶ್ವವಿದ್ಯಾಲಯಗಳು ಕರೆಯುತ್ತಿದ್ದವು. ಆದರೆ ಪಿಯೋರಿಯಾದ ಧರ್ಮಾಧ್ಯಕ್ಷ ಎಡ್ಮಂಡ್ ಡನ್‌ರವರು ಇವರನ್ನು ಊರಿಗೆ ಕರೆಸಿ, ಬಡವರ ಬೀದಿಯಲ್ಲಿದ್ದ ಸಂತ ಪ್ಯಾಟ್ರಿಕರ ಧರ್ಮಕೇಂದ್ರಕ್ಕೆ ಸಹಾಯಕ ಗುರುವಾಗಿ ಕಳುಹಿಸಿಬಿಟ್ಟರು. ಶೀನ್ ಒಂದು ಮಾತೂ ಎದುರಾಡದೆ ಹೋದರು. ಮನೆಮನೆಗೆ ಭೇಟಿ ಕೊಟ್ಟರು, ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಟ್ಟರು, ಪಾಪನಿವೇದನೆ ಕೇಳಿದರು. ವರ್ಷ ತುಂಬುವ ಮೊದಲೇ ಧರ್ಮಾಧ್ಯಕ್ಷರು ಕರೆದು, ಇಷ್ಟೆಲ್ಲ ಓದಿದ ಮೇಲೆ ನೀವು ವಿಧೇಯರಾಗಿ ಇರುತ್ತೀರೋ ಇಲ್ಲವೋ ಎಂದು ನೋಡಬೇಕಿತ್ತು, ಇನ್ನು ಹೋಗಿ ಎಂದರು. 1926ರಲ್ಲಿ ವಾಷಿಂಗ್ಟನ್‌ನ ಕಥೋಲಿಕ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರಾಗಿ ಹೋದವರು 1950ರವರೆಗೂ ಅಲ್ಲಿ ಕಲಿಸಿದರು.

ರೇಡಿಯೋದಿಂದ ಟಿ.ವಿ.ಗೆ

1930ರ ಮಾರ್ಚ್ ತಿಂಗಳಲ್ಲಿ ಎನ್.ಬಿ.ಸಿ. ರೇಡಿಯೋದಲ್ಲಿ ‘ಕ್ಯಾಥೊಲಿಕ್ ಅವರ್’ ಎಂಬ ಭಾನುವಾರದ ಕಾರ್ಯಕ್ರಮ ಶುರುವಾಯಿತು. ಎರಡನೆಯ ವಾರದಿಂದ ಶೀನ್ ಮಾತನಾಡತೊಡಗಿದರು. ಮುಂದಿನ ಇಪ್ಪತ್ತು ವರ್ಷ ಆ ಧ್ವನಿ ಅಮೆರಿಕದ ಮನೆಗಳಲ್ಲಿ ಪರಿಚಿತವಾಯಿತು. ಅಂದಾಜು 40 ಲಕ್ಷ ಜನ ಕೇಳುತ್ತಿದ್ದರು. ಕಥೋಲಿಕರನ್ನು ಅನುಮಾನದಿಂದ ನೋಡುತ್ತಿದ್ದ ಕಾಲ ಅದು. 1928ರ ಅಧ್ಯಕ್ಷ ಚುನಾವಣೆಯಲ್ಲಿ ಆಲ್ ಸ್ಮಿತ್ ಎಂಬ ಕಥೋಲಿಕ ಅಭ್ಯರ್ಥಿಯ ವಿರುದ್ಧ ಆತನ ಧರ್ಮವನ್ನೇ ಮುಂದಿಟ್ಟು ಪ್ರಚಾರ ನಡೆದು ಎರಡು ವರ್ಷವೂ ಆಗಿರಲಿಲ್ಲ. ಅಂಥ ದೇಶದಲ್ಲಿ ಒಬ್ಬ ಕಥೋಲಿಕ ಗುರುವಿನ ಮಾತನ್ನು ಪ್ರೊಟೆಸ್ಟೆಂಟರೂ ಯೆಹೂದ್ಯರೂ ಕಿವಿಗೊಟ್ಟು ಕೇಳಿದ್ದು ಸಣ್ಣ ವಿಷಯವಲ್ಲ.

ಈ ವರ್ಷಗಳಲ್ಲಿ ಅವರಿಂದ ಬೋಧನೆ ಪಡೆದು ಧರ್ಮಸಭೆಗೆ ಬಂದವರು ಬಹಳ ಮಂದಿ. ಕಮ್ಯುನಿಸ್ಟ್ ಪತ್ರಿಕೆ ‘ಡೈಲಿ ವರ್ಕರ್’ನ ಸಂಪಾದಕರಾಗಿದ್ದ ಲೂಯಿಸ್ ಬುಡೆನ್ಸ್ 1945ರಲ್ಲಿ ಬಂದರು. ಲೇಖಕಿಯೂ ಸಂಸತ್ ಸದಸ್ಯೆಯೂ ಆಗಿದ್ದ ಕ್ಲೇರ್ ಬೂತ್ ಲೂಸ್ ತಮ್ಮ ಒಬ್ಬಳೇ ಮಗಳನ್ನು ಅಪಘಾತದಲ್ಲಿ ಕಳೆದುಕೊಂಡ ದುಃಖದಲ್ಲಿ ಅವರ ಬಳಿ ಬಂದು, 1946ರಲ್ಲಿ ಧರ್ಮಸಭೆಯನ್ನು ಸೇರಿದರು. ಇವರನ್ನು ರೇಡಿಯೋ ಭಾಷಣ ಒಂದೇ ಕರೆತರಲಿಲ್ಲ. ಶೀನ್ ಪ್ರತಿಯೊಬ್ಬರೊಡನೆಯೂ ಎದುರುಬದುರು ಕುಳಿತು, ಗಂಟೆಗಟ್ಟಲೆ, ವಾರಗಟ್ಟಲೆ ಸಮಯ ಕೊಟ್ಟರು. ಹೆಸರಿಲ್ಲದ ಕೆಲಸದವರಿಗೂ ಬಡವರಿಗೂ ಅದೇ ಸಮಯ ಸಿಕ್ಕಿತು.

ಮಂಗಳವಾರ ರಾತ್ರಿ ಎಂಟು ಗಂಟೆ

1951ರ ಜೂನ್ 11ರಂದು ರೋಮ್ ನಗರದಲ್ಲಿ ಅವರಿಗೆ ಧರ್ಮಾಧ್ಯಕ್ಷ ದೀಕ್ಷೆಯಾಯಿತು. ನ್ಯೂಯಾರ್ಕಿನ ಸಹಾಯಕ ಧರ್ಮಾಧ್ಯಕ್ಷರಾದರು. 1952ರ ಫೆಬ್ರವರಿ 12ರಂದು ಡ್ಯೂಮಾಂಟ್ ಎಂಬ ಸಣ್ಣ ಟಿ.ವಿ. ಜಾಲದಲ್ಲಿ ಅವರ ‘ಲೈಫ್ ಈಸ್ ವರ್ತ್ ಲಿವಿಂಗ್’ ಆರಂಭವಾಯಿತು. ಬದುಕು ಬಾಳಲು ಯೋಗ್ಯವಾದುದು ಎಂದು ಅದರ ಅರ್ಥ. ಕೊಟ್ಟ ಸಮಯ ಮಂಗಳವಾರ ರಾತ್ರಿ ಎಂಟು ಗಂಟೆ. ಅದೇ ಹೊತ್ತಿಗೆ ಎನ್.ಬಿ.ಸಿ.ಯಲ್ಲಿ ಇಡೀ ದೇಶವನ್ನು ನಗಿಸುತ್ತಿದ್ದ ಮಿಲ್ಟನ್ ಬರ್ಲ್, ಸಿ.ಬಿ.ಎಸ್.ನಲ್ಲಿ ಹಾಡುಗಾರ ಫ್ರಾಂಕ್ ಸಿನಾತ್ರಾ. ಆ ಸಮಯಕ್ಕೆ ಯಾವ ಕಾರ್ಯಕ್ರಮ ಹಾಕಿದರೂ ಸತ್ತುಹೋಗುತ್ತದೆಂದು ಟಿ.ವಿ.ಯವರೇ ಕೈಬಿಟ್ಟಿದ್ದ ಸಮಯವದು.

ವೇದಿಕೆಯ ಮೇಲೆ ಇದ್ದದ್ದು ಒಂದು ಓದುವ ಕೋಣೆಯಂತಹ ದೃಶ್ಯ, ಮಾತೆ ಮರಿಯಮ್ಮನವರ ಒಂದು ಸ್ವರೂಪ, ಒಂದು ಕಪ್ಪುಹಲಗೆ. ಧರ್ಮಾಧ್ಯಕ್ಷರು ನಿಲುವಂಗಿ, ಹೆಗಲಿನ ಮೇಲೆ ಉದ್ದನೆಯ ಮೇಲುವಸ್ತ್ರ, ಎದೆಯ ಮೇಲೆ ಶಿಲುಬೆ ಧರಿಸಿ ಬರುತ್ತಿದ್ದರು. ಕೈಯಲ್ಲಿ ಕಾಗದವಿಲ್ಲ, ಓದಿಕೊಳ್ಳಲು ಎದುರಿಗೆ ಫಲಕವಿಲ್ಲ. ಸುಮಾರು ಅರ್ಧ ಗಂಟೆ ಮಾತನಾಡಿ ಸರಿಯಾದ ಕ್ಷಣಕ್ಕೆ ನಿಲ್ಲಿಸುತ್ತಿದ್ದರು. ಕಪ್ಪುಹಲಗೆ ತುಂಬಿದಾಗ ಅವರು ಆಚೆ ಸರಿಯುತ್ತಿದ್ದರು. ಕ್ಯಾಮೆರಾ ಅವರ ಹಿಂದೆ ಹೋದಾಗ ಸಹಾಯಕನೊಬ್ಬ ಅದನ್ನು ಒರೆಸಿಬಿಡುತ್ತಿದ್ದ. ಒರೆಸಿದ್ದು ತಮ್ಮ ದೇವದೂತನೆಂದು ಅವರು ತಮಾಷೆ ಮಾಡುತ್ತಿದ್ದರು. ಆ ದೇವದೂತ ದೇಶಕ್ಕೆಲ್ಲ ಪ್ರಿಯನಾಗಿಬಿಟ್ಟ.

ನೋಡುವವರಿಗೆ ಸಲೀಸಾಗಿ ಕಂಡ ಈ ಅರ್ಧ ಗಂಟೆಯ ಹಿಂದೆ ಸುಮಾರು ಮೂವತ್ತು ಗಂಟೆಗಳ ಸಿದ್ಧತೆ ಇರುತ್ತಿತ್ತು. ವಿಷಯವನ್ನು ಬರೆದು, ಹರಿದುಹಾಕಿ, ಮತ್ತೆ ಬರೆಯುತ್ತಿದ್ದರು. ತಮಗೇ ಅರ್ಥ ಸ್ಪಷ್ಟವಾಗಿದೆಯೇ ಎಂದು ಪರೀಕ್ಷಿಸಲು ಅದೇ ಭಾಷಣವನ್ನು ಒಬ್ಬ ಸ್ನೇಹಿತರ ಮುಂದೆ ಇಟಾಲಿಯನ್‌ನಲ್ಲಿ, ಇನ್ನೊಬ್ಬರ ಮುಂದೆ ಫ್ರೆಂಚ್‌ನಲ್ಲಿ ಹೇಳಿನೋಡುತ್ತಿದ್ದರು. ನೋಡುವವರಲ್ಲಿ ಎಲ್ಲ ಧರ್ಮದವರೂ ಇದ್ದುದರಿಂದ ಮೊದಲು ಎಲ್ಲರ ಬದುಕಿಗೂ ಸೇರಿದ ವಿಷಯವನ್ನು ಎತ್ತಿಕೊಳ್ಳುತ್ತಿದ್ದರು. ಭಯ, ಚಿಂತೆ, ಮಕ್ಕಳ ಪಾಲನೆ, ಮದುವೆ, ನೋವು, ಮರಣ. ಅಲ್ಲಿಂದ ಮೆಲ್ಲಗೆ ದೇವರ ಕಡೆಗೆ ಕರೆದೊಯ್ಯುತ್ತಿದ್ದರು.

ಮೂರು ಕೇಂದ್ರಗಳಿಂದ ಶುರುವಾದ ಕಾರ್ಯಕ್ರಮ ನೂರಕ್ಕೂ ಹೆಚ್ಚು ಕೇಂದ್ರಗಳಿಗೆ ಹರಡಿತು. ನೋಡುತ್ತಿದ್ದವರು ಒಂದು ಕೋಟಿ ಎಂದು ಕೆಲವರು, ಮೂರು ಕೋಟಿ ಎಂದು ಕೆಲವರು ಅಂದಾಜು ಮಾಡಿದ್ದಾರೆ. ವಾರಕ್ಕೆ ಸಾವಿರಾರು ಪತ್ರಗಳು ಬರುತ್ತಿದ್ದವು. 1952ರ ಏಪ್ರಿಲ್ ತಿಂಗಳಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂತು. 1953ರ ಫೆಬ್ರವರಿಯಲ್ಲಿ ಟಿ.ವಿ. ಲೋಕದ ಎಮ್ಮಿ ಪ್ರಶಸ್ತಿ ಬಂದಾಗ, ತಮ್ಮ ನಾಲ್ವರು ಬರಹಗಾರರಾದ ಮತ್ತಾಯ, ಮಾರ್ಕ, ಲೂಕ, ಯೊವಾನ್ನರಿಗೆ ವಂದನೆಗಳು ಎಂದು ಹೇಳಿ ಸಭೆಯನ್ನು ನಗಿಸಿದರು.

ಅದೇ ತಿಂಗಳ ಕೊನೆಯಲ್ಲಿ ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದ ಸೀಸರನ ಶವಸಂಸ್ಕಾರದ ದೃಶ್ಯವನ್ನು ತೆಗೆದುಕೊಂಡು, ಅಲ್ಲಿನ ಹೆಸರುಗಳ ಜಾಗದಲ್ಲಿ ಸ್ಟಾಲಿನ್ ಮತ್ತು ಆತನ ಸಂಗಡಿಗರ ಹೆಸರುಗಳನ್ನಿಟ್ಟು ಹೇಳಿದರು. ಸ್ಟಾಲಿನ್ ಕೂಡ ಒಂದು ದಿನ ದೇವರ ನ್ಯಾಯತೀರ್ಪಿಗೆ ನಿಲ್ಲಲೇಬೇಕು ಎಂದರು. ಕೆಲವೇ ದಿನಗಳಲ್ಲಿ ಸ್ಟಾಲಿನ್ ಪಾರ್ಶ್ವವಾಯು ಬಡಿದು ಮಾರ್ಚ್ 5ರಂದು ಸತ್ತರು. ಜನ ಇದನ್ನು ಪ್ರವಾದನೆ ಎಂದರು. ನಾವು ಹಾಗೆ ಹೇಳಬೇಕಾಗಿಲ್ಲ. ನ್ಯಾಯತೀರ್ಪಿಗೆ ನಿಲ್ಲಬೇಕಾದವರಲ್ಲಿ ನಾವೂ ಇದ್ದೇವೆ ಎಂಬುದನ್ನು ನೆನಪಿಟ್ಟರೆ ಸಾಕು.

ಬಂದ ಹಣ ಎಲ್ಲಿಗೆ ಹೋಯಿತು?

ಟಿ.ವಿ. ಬೋಧಕರೆಂದರೆ ಇಂದು ಜನ ಮೊದಲು ಕೇಳುವ ಪ್ರಶ್ನೆ ಇದು. ಶೀನ್ 1950ರಿಂದ 1966ರವರೆಗೆ ಅಮೆರಿಕದಲ್ಲಿ ವಿಶ್ವಾಸ ಪ್ರಸಾರ ಸಂಘದ ರಾಷ್ಟ್ರೀಯ ನಿರ್ದೇಶಕರಾಗಿದ್ದರು. ಫ್ರಾನ್ಸಿನ ಲಿಯೋನ್ ನಗರದಲ್ಲಿ ಪೌಲಿನ್ ಜಾರಿಕೋ ಎಂಬ ಯುವತಿ ಬಡ ಕೆಲಸಗಾರರಿಂದ ವಾರಕ್ಕೊಂದು ಪುಡಿಗಾಸು ಕೂಡಿಸಿ ಆರಂಭಿಸಿದ ಕೆಲಸದಿಂದ 1822ರಲ್ಲಿ ಹುಟ್ಟಿದ ಸಂಘವಿದು. ಅಕ್ಟೋಬರ್ ತಿಂಗಳ ಮಿಷನ್ ಭಾನುವಾರದಂದು ನಮ್ಮ ಧರ್ಮಕೇಂದ್ರಗಳಲ್ಲಿ ಎತ್ತುವ ಕಾಣಿಕೆಯೂ ಈ ಸಂಘದ ಮೂಲಕವೇ ಬಡ ಧರ್ಮಕ್ಷೇತ್ರಗಳನ್ನು ತಲುಪುತ್ತದೆ. ಐದು ಖಂಡಗಳಿಗೆ ಐದು ಬಣ್ಣದ ಮಣಿಗಳಿರುವ ಮಿಷನ್ ಜಪಸರವನ್ನು ನಮ್ಮಲ್ಲಿ ಕೆಲವರು ನೋಡಿರಬಹುದು. ಅದನ್ನು 1951ರಲ್ಲಿ ರೂಢಿಗೆ ತಂದವರು ಶೀನ್. ಅದರಲ್ಲಿ ಹಳದಿ ಮಣಿಗಳು ನಮ್ಮ ಏಷ್ಯಾ ಖಂಡಕ್ಕಾಗಿ.

ಕಾರ್ಯಕ್ರಮಕ್ಕೆ ಅಡ್ಮಿರಲ್ ಎಂಬ ಟಿ.ವಿ. ತಯಾರಿಕಾ ಕಂಪನಿ ಪ್ರಾಯೋಜಕನಾದ ಮೇಲೆ ಒಂದು ರಾತ್ರಿಗೆ 26,000 ಡಾಲರ್ ಬರುತ್ತಿತ್ತೆಂದು ಅವರೇ ಬರೆದಿದ್ದಾರೆ. ಆ ಹಣವೆಲ್ಲ ಮಿಷನ್ ಕೆಲಸಕ್ಕೆ ಹೋಯಿತು. ಪತ್ರಗಳ ಜೊತೆ ಮಕ್ಕಳು ಕಳುಹಿಸಿದ ಬಿಡಿಕಾಸೂ ಅಲ್ಲಿಗೇ ಸೇರಿತು.

ಆಫ್ರಿಕಾದ ಬುಲುಬಾ ಎಂಬಲ್ಲಿ ಕುಷ್ಠರೋಗಿಗಳ ಆಶ್ರಮಕ್ಕೆ ಹೋದಾಗ ನಡೆದುದನ್ನು ಅವರು ಮರೆಮಾಚದೆ ಹೇಳಿದ್ದಾರೆ. ಪ್ರತಿ ರೋಗಿಗೂ ಕೊಡಲು ಪುಟ್ಟ ಬೆಳ್ಳಿಯ ಶಿಲುಬೆಗಳನ್ನು ಒಯ್ದಿದ್ದರು. ಮೊದಲನೆಯವನು ಕೈಚಾಚಿದಾಗ ಆ ಹುಣ್ಣಿನ ಕೈಯನ್ನು ಮುಟ್ಟಲಾರದೆ ಶಿಲುಬೆಯನ್ನು ಮೇಲಿನಿಂದ ಅದರೊಳಗೆ ಬೀಳಿಸಿದರು. ಮರುಕ್ಷಣವೇ ತಾವು ಮಾಡಿದ್ದೇನೆಂದು ಹೊಳೆಯಿತು. ದೇವರ ಪ್ರೀತಿಯ ಗುರುತನ್ನು ಕೊಡುತ್ತಲೇ ಪ್ರೀತಿಯನ್ನು ಹಿಂದೆಗೆದಿದ್ದರು. ಆ ಶಿಲುಬೆಯನ್ನು ಕೈಹಾಕಿ ಎತ್ತಿ, ಅವನ ಕೈಯಲ್ಲಿ ಒತ್ತಿ ಇಟ್ಟರು. ಉಳಿದ ಎಲ್ಲರಿಗೂ ಹಾಗೆಯೇ ಕೊಟ್ಟರು.

ಮೌನದ ವರ್ಷಗಳು

1957ರಲ್ಲಿ ಕಾರ್ಯಕ್ರಮ ನಿಂತುಹೋಯಿತು. ಆಗ ಅದಕ್ಕೆ ನೋಡುಗರ ಕೊರತೆ ಇರಲಿಲ್ಲ. ಮಿಷನ್ ಸಂಘದ ಹಣದ ವಿಷಯದಲ್ಲಿ ನ್ಯೂಯಾರ್ಕಿನ ಕಾರ್ಡಿನಲ್ ಸ್ಪೆಲ್ಮನ್‌ರವರಿಗೂ ಶೀನರಿಗೂ ಭಿನ್ನಾಭಿಪ್ರಾಯ ಬಂತು. ಸರ್ಕಾರದಿಂದ ಉಚಿತವಾಗಿ ಬಂದಿದ್ದ ಹಾಲಿನಪುಡಿಗೆ ಸಂಘವು ಬೆಲೆ ಕೊಡಬೇಕೆಂಬುದು ಜಗಳದ ಮೂಲವೆಂದೂ, ವಿಷಯ ಪೋಪ್ ಹನ್ನೆರಡನೆಯ ಪಿಯುಸ್‌ರವರವರೆಗೆ ಹೋಗಿ ತೀರ್ಪು ಶೀನರ ಪರವಾಗಿ ಬಂತೆಂದೂ ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಆ ನಂತರ ನ್ಯೂಯಾರ್ಕಿನ ಬೋಧನಾಪೀಠಗಳಲ್ಲಿ ಅವರಿಗೆ ಅವಕಾಶ ಕಡಿಮೆಯಾಯಿತು. 1966ರಲ್ಲಿ ಅವರನ್ನು ರೋಚೆಸ್ಟರ್ ಎಂಬ ಸಣ್ಣ ಧರ್ಮಕ್ಷೇತ್ರಕ್ಕೆ ಕಳುಹಿಸಲಾಯಿತು.

ದೇಶದಲ್ಲೇ ಹೆಚ್ಚು ಜನ ಕೇಳುತ್ತಿದ್ದ ಧ್ವನಿ ಅವರದು. ಒಂದು ಮಾತು ಆಡಿದ್ದರೆ ಸಾಕಿತ್ತು, ಪತ್ರಿಕೆಗಳೆಲ್ಲ ಅವರ ಪರ ನಿಲ್ಲುತ್ತಿದ್ದವು. ಅವರು ಆಡಲಿಲ್ಲ. ಆತ್ಮಕಥೆಯಲ್ಲಿಯೂ ಧರ್ಮಸಭೆಯ ಹೊರಗಿನಿಂದ, ಒಳಗಿನಿಂದ ಬಂದ ಕಷ್ಟಗಳಿವೆ ಎಂದಷ್ಟೇ ಸೂಚಿಸಿ ಯಾರ ಮೇಲೂ ಬೊಟ್ಟು ಮಾಡಲಿಲ್ಲ. ಮಾತು ಬಲ್ಲವನಿಗೆ ಮೌನ ಎಷ್ಟು ಕಷ್ಟ ಎಂಬುದು ಕುಟುಂಬಗಳಲ್ಲಿ, ಸಂಘಗಳಲ್ಲಿ ಮನಸ್ತಾಪ ಕಂಡ ನಮಗೆ ಗೊತ್ತು.

ರೋಚೆಸ್ಟರ್‌ನಲ್ಲಿ ಎಲ್ಲವೂ ಚೆನ್ನಾಗಿ ನಡೆಯಲಿಲ್ಲ. 1967ರಲ್ಲಿ ವಿಯೆಟ್ನಾಂ ಯುದ್ಧದಿಂದ ಅಮೆರಿಕ ಹಿಂದೆ ಸರಿಯಬೇಕೆಂದು ಬೋಧನಾಪೀಠದಿಂದ ಹೇಳಿದಾಗ ಅನೇಕರು ಮುನಿಸಿಕೊಂಡರು. 1968ರಲ್ಲಿ ಬಡವರಿಗೆ ಮನೆ ಕಟ್ಟಲೆಂದು ಸಂತ ಬ್ರಿಜಿತಮ್ಮನವರ ಧರ್ಮಕೇಂದ್ರದ ಆಸ್ತಿಯನ್ನೇ ಸರ್ಕಾರಕ್ಕೆ ಕೊಡಲು ಮುಂದಾದರು. ಉದ್ದೇಶ ಒಳ್ಳೆಯದು. ಆದರೆ ಆ ಧರ್ಮಕೇಂದ್ರದ ಜನರನ್ನು ಮೊದಲು ಕೇಳಿರಲಿಲ್ಲ. ಜನ ಪ್ರತಿಭಟಿಸಿದರು, ಅವರು ಯೋಜನೆಯನ್ನು ಹಿಂತೆಗೆದುಕೊಂಡರು. ಕೋಟಿ ಜನರಿಗೆ ಮಾತನಾಡಲು ಬಲ್ಲವರಿಗೂ ಒಂದು ಧರ್ಮಕೇಂದ್ರದ ಮಾತನ್ನು ಕೇಳುವುದು ಬೇರೆಯೇ ವಿದ್ಯೆ. 1969ರಲ್ಲಿ ಅವರು ರಾಜೀನಾಮೆ ಕೊಟ್ಟರು. ಹೊಗಳಿಕೆಯನ್ನೂ ಸುಖವನ್ನೂ ತಾವು ಇಷ್ಟಪಟ್ಟದ್ದುಂಟು ಎಂದು ಅವರೇ ಮುಂದೆ ಒಪ್ಪಿಕೊಂಡರು. ಆತ್ಮಕಥೆಗೆ ಅವರಿಟ್ಟ ಹೆಸರು ‘ಟ್ರೆಷರ್ ಇನ್ ಕ್ಲೇ’. ನಾವು ಮಣ್ಣಿನ ಪಾತ್ರೆಗಳು, ಒಳಗಿರುವ ನಿಧಿ ಮಾತ್ರ ದೇವರದು ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದ ಅರ್ಥದಿಂದ ಬಂದ ಹೆಸರು ಅದು.

ಕೊನೆಯ ಗಂಟೆ

1979ರ ಅಕ್ಟೋಬರ್ 2ರಂದು ಪೋಪ್ ಎರಡನೆಯ ಜಾನ್ ಪೌಲ್‌ರವರು ನ್ಯೂಯಾರ್ಕಿನ ಸಂತ ಪ್ಯಾಟ್ರಿಕರ ಪ್ರಧಾನಾಲಯಕ್ಕೆ ಬಂದರು. ಹೃದಯದ ಶಸ್ತ್ರಚಿಕಿತ್ಸೆಯಿಂದ ಸೋತಿದ್ದ 84ರ ಮುದುಕರನ್ನು ಜನರೆದುರಿಗೇ ಅಪ್ಪಿಕೊಂಡು, ಪ್ರಭು ಯೇಸುವಿನ ವಿಷಯವಾಗಿ ಒಳ್ಳೆಯದನ್ನು ಬರೆದಿದ್ದೀರಿ, ಹೇಳಿದ್ದೀರಿ, ನೀವು ಧರ್ಮಸಭೆಯ ನಿಷ್ಠಾವಂತ ಪುತ್ರರು ಎಂದರು. ಯಾವ ಪ್ರಧಾನಾಲಯದಲ್ಲಿ ಅವರ ಬೋಧನೆಗೆ ಅವಕಾಶ ತಪ್ಪಿತ್ತೋ ಅಲ್ಲಿಯೇ ಈ ಮಾತು ಕೇಳಿತು. ಎರಡು ತಿಂಗಳ ನಂತರ, ಡಿಸೆಂಬರ್ 9ರಂದು, ತಮ್ಮ ಮನೆಯ ಪ್ರಾರ್ಥನಾಲಯದಲ್ಲಿ ಪರಮ ಪ್ರಸಾದದ ಸನ್ನಿಧಿಯಲ್ಲೇ ಅವರು ಪ್ರಾಣಬಿಟ್ಟರು.

2012ರ ಜೂನ್ 28ರಂದು ಪೋಪ್ ಹದಿನಾರನೆಯ ಬೆನೆಡಿಕ್ಟ್‌ರವರು ಅವರನ್ನು ಪೂಜ್ಯರೆಂದು ಘೋಷಿಸಿದರು. 2010ರಲ್ಲಿ ಹುಟ್ಟಿದಾಗ ಉಸಿರಿಲ್ಲದಿದ್ದ ಶಿಶುವೊಂದು, ತಂದೆತಾಯಿ ಶೀನರ ಬಿನ್ನಹವನ್ನು ಬೇಡಿದ ಮೇಲೆ, ಸುಮಾರು ಒಂದು ಗಂಟೆಯ ನಂತರ ಜೀವ ತಳೆದದ್ದನ್ನು ರೋಮ್ 2019ರಲ್ಲಿ ಅದ್ಭುತವೆಂದು ಅಂಗೀಕರಿಸಿತು. ಅದೇ ವರ್ಷ ಡಿಸೆಂಬರ್ 21ಕ್ಕೆ ಪುನೀತ ಪದವಿಯ ಘೋಷಣೆ ನಿಗದಿಯಾಗಿ, ರೋಚೆಸ್ಟರ್‌ನಲ್ಲಿ ಅವರು ಸೇವೆ ಸಲ್ಲಿಸಿದ ವರ್ಷಗಳನ್ನು ಇನ್ನಷ್ಟು ಪರಿಶೀಲಿಸಬೇಕೆಂದು ಮುಂದೂಡಲ್ಪಟ್ಟಿತು. ಬದುಕಿದ್ದಾಗ ಕಾಯುವುದನ್ನು ಕಲಿತವರು ಮರಣದ ಮೇಲೂ ಕಾಯಬೇಕಾಯಿತು.

ಪ್ರಿಯ ಸಹೋದರ ಸಹೋದರಿಯರೇ, ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಶೀನರ ಕಾರ್ಯಕ್ರಮ ವಾರಕ್ಕೆ ಅರ್ಧ ಗಂಟೆ. ಅವರು ದೇವರ ಮುಂದೆ ಕುಳಿತದ್ದು ವಾರಕ್ಕೆ ಏಳು ಗಂಟೆ. ಆ ಏಳು ಗಂಟೆಯನ್ನು ಯಾವ ಕ್ಯಾಮೆರಾವೂ ತೋರಿಸಲಿಲ್ಲ. ಕಾರ್ಯಕ್ರಮ ನಿಂತಾಗ ಅವರು ಕುಸಿಯದೆ ಇದ್ದದ್ದು ಆ ಗಂಟೆಯನ್ನು ಯಾರೂ ಕಿತ್ತುಕೊಳ್ಳಲಾಗದ ಕಾರಣಕ್ಕೆ. ತೆರೆಯ ಮೇಲೆ ಕಾಣುವ ಬೋಧಕನನ್ನು ನೋಡುವಾಗ ನಾವೂ ಕೇಳಿಕೊಳ್ಳೋಣ: ಈತ ವಿಧೇಯತೆಯನ್ನು ಬಲ್ಲನೇ? ಬಂದ ಹಣ ಬಡವರಿಗೆ ಸೇರುತ್ತಿದೆಯೇ? ನೋವಾದಾಗ ಈತ ಧರ್ಮಸಭೆಯನ್ನು ಒಡೆಯುತ್ತಾನೋ, ತಾಳಿಕೊಳ್ಳುತ್ತಾನೋ?

ಬೋಧಕರನ್ನು ಕೇಳಿದ ಮೇಲೆ ನಮ್ಮನ್ನೂ ಕೇಳಿಕೊಳ್ಳೋಣ. ನಮ್ಮ ಮನೆಗಳಲ್ಲಿ ಟಿ.ವಿ.ಗೆ, ಮೊಬೈಲಿಗೆ ದಿನಕ್ಕೆ ಎಷ್ಟು ಗಂಟೆ? ಪ್ರಭುವಿಗೆ ಎಷ್ಟು ನಿಮಿಷ? ಒಂದು ಗಂಟೆ ಆಗದಿದ್ದರೆ, ರಾತ್ರಿ ಊಟಕ್ಕೆ ಮುಂಚೆ ತೆರೆಯನ್ನು ಆರಿಸಿ ಮನೆಮಂದಿಯೆಲ್ಲ ಜಪಸರಕ್ಕೆ ಕೂರುವ ಇಪ್ಪತ್ತು ನಿಮಿಷವಾದರೂ ಆಗಲಿ. ಗುರುವಾರದ ಆರಾಧನೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ತೂಕಡಿಸಿದರೂ ಸರಿಯೇ. ಅಷ್ಟರಿಂದ ಶುರುವಾಗಲಿ. ಸ್ವರ್ಗಕ್ಕೇರಿದ ಪ್ರಭು ಲೋಕಾಂತ್ಯದವರೆಗೂ ನಮ್ಮ ಸಂಗಡ ಇರುವುದಾಗಿ ಮಾತು ಕೊಟ್ಟಿದ್ದಾರೆ. ಅವರು ಕಾಯುತ್ತಿದ್ದಾರೆ. ನಾವು ಹೋಗೋಣ.